ಸೆಂಗಿಯ ಓಟ, ಸೆಂಗಿಯ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪೂರ್ವ ಆಫ್ರಿಕಾದ ಒಣ ಕುರುಚಲು ಕಾಡಿನಲ್ಲಿ 60 ಗ್ರಾಮಿಗೂ ಹಗುರವಾದ ಪ್ರಾಣಿಯೊಂದು ದಿನವೂ ದಾರಿ ಗುಡಿಸುತ್ತದೆ. ಗಿಡುಗ ಎರಗಿದ ದಿನ ಅದೇ ದಾರಿಯಲ್ಲಿ ಕಣ್ಣಿಗೆ ಹಿಡಿಯದಷ್ಟು ವೇಗವಾಗಿ ಓಡಿ ಜೀವ ಉಳಿಸಿಕೊಳ್ಳುತ್ತದೆ. ಈ ಪುಟದಲ್ಲಿ ಮುಖ್ಯವಾಗಿ ಅದರದೇ ಮಾತು. ಅಗತ್ಯ ಬಿದ್ದಲ್ಲಿ ಇಲಿ, ಕಾಂಗರೂ ಇಲಿ, ನೀರುಸುಂಡಿಲಿಗಳೂ ಬಂದುಹೋಗುತ್ತವೆ.

ಸೆಂಗಿ ಅಂದರೆ ಯಾವ ಪ್ರಾಣಿ? ಇಲಿಯೋ, ಸುಂಡಿಲಿಯೋ?

ಎರಡೂ ಅಲ್ಲ. ಇಂಗ್ಲಿಷಿನಲ್ಲಿ ಬಹುಕಾಲ ಇದನ್ನು 'ಎಲಿಫೆಂಟ್ ಶ್ರೂ' ಎಂದರು. ಅದನ್ನು ಕನ್ನಡಕ್ಕೆ ತಂದವರು 'ಆನೆ ಸುಂಡಿಲಿ' ಎಂದರು. ಉದ್ದನೆಯ, ಸದಾ ಅತ್ತಿತ್ತ ಆಡುವ ಮೂತಿಯನ್ನು ನೋಡಿ ಇಟ್ಟ ಹೆಸರದು. ಮನೆಯ ಮೂಲೆಯಲ್ಲಿ ಕಿಚಿಕಿಚಿ ಎನ್ನುತ್ತಾ ಓಡಾಡುವ ನಮ್ಮ ಸುಂಡಿಲಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ತಮಾಷೆಯೆಂದರೆ ಹೆಸರಿನ ಇನ್ನೊಂದು ಅರ್ಧ ನಿಜವಾಯಿತು. 1990ರ ದಶಕದ ಡಿಎನ್ಎ ಅಧ್ಯಯನಗಳು ಈ ಪ್ರಾಣಿಯನ್ನು ಆನೆ, ಕಡಲಹಸು, ಹೈರಾಕ್ಸ್, ಆರ್ಡ್‌ವಾರ್ಕ್‌ಗಳಿರುವ ಆಫ್ರಿಕಾ ಮೂಲದ ದೊಡ್ಡ ಬಳಗಕ್ಕೆ ಸೇರಿಸಿದವು. ಹೀಗಾಗಿ ಇದು ಸುಂಡಿಲಿಗಿಂತ ಆನೆಗೇ ಹತ್ತಿರದ ನೆಂಟ. ಗೊಂದಲ ತಪ್ಪಿಸಲು ಪ್ರಾಣಿವಿಜ್ಞಾನಿ ಜೊನಾಥನ್ ಕಿಂಗ್ಡನ್ 1997ರಲ್ಲಿ ಆಫ್ರಿಕಾದ ಬಾಂಟು ಭಾಷೆಗಳಿಂದ 'ಸೆಂಗಿ' ಎಂಬ ಪದವನ್ನು ಮುಂದಿಟ್ಟರು. ಈಗ ಅದೇ ಬಳಕೆಯಲ್ಲಿದೆ.

ಸುಮಾರು 20 ಜಾತಿಯ ಸೆಂಗಿಗಳಿವೆ. ನಮೀಬಿಯಾದ ಎಟೆಂಡೆಕಾ ಸೆಂಗಿ 28 ಗ್ರಾಮಿನಷ್ಟು ಹಗುರ. ಅದನ್ನು ಹೊಸ ಜಾತಿಯೆಂದು ವಿವರಿಸಿದ್ದು 2014ರಲ್ಲಿ. ತಾಂಜಾನಿಯಾದ ಉಡ್ಜುಂಗ್ವಾ ಬೆಟ್ಟಗಳ ಬೂದುಮುಖದ ಸೆಂಗಿ 700 ಗ್ರಾಮಿನಷ್ಟು ತೂಗುತ್ತದೆ. ಅದು ವಿಜ್ಞಾನಕ್ಕೆ ಪರಿಚಯವಾದದ್ದು 2008ರಲ್ಲಿ. ದಾರಿ ಗುಡಿಸುವುದರಲ್ಲಿ ಹೆಸರಾದದ್ದು ಕೀನ್ಯಾ ಮತ್ತು ಸುತ್ತಲಿನ ಒಣ ನಾಡುಗಳ ಕೆಂಗಂದು ಸೆಂಗಿ. ಕೆಳಗೆ ಬರೀ 'ಸೆಂಗಿ' ಎಂದಿದ್ದರೆ ಅದು ಇದೇ.

ಭಾರತದಲ್ಲಿ ಇದೆಯೇ?

ಇಲ್ಲ. ಆಫ್ರಿಕಾ ಬಿಟ್ಟು ಬೇರೆಲ್ಲೂ ಇಲ್ಲ, ಪಶ್ಚಿಮ ಆಫ್ರಿಕಾದಲ್ಲೂ ಇಲ್ಲ. ನಮ್ಮಲ್ಲಿ ಇದರಂತೆ ಬದುಕುವ ಪ್ರಾಣಿಯನ್ನು ಹುಡುಕುವುದಾದರೆ ಕಾಡುಮೊಲವನ್ನು ನೋಡಬಹುದು. ಅದೂ ಬಿಲ ತೋಡುವುದಿಲ್ಲ, ಹುಲ್ಲಿನ ತಗ್ಗಿನಲ್ಲಿ ಮೈ ಕುಗ್ಗಿಸಿ ಕೂರುತ್ತದೆ, ಕೊನೆಯ ಗಳಿಗೆಯವರೆಗೆ ಅಲುಗಾಡದೆ ಇದ್ದು ಆಮೇಲೆ ಚಿಮ್ಮುತ್ತದೆ. ಅದರ ಮರಿಯೂ ಕಣ್ಣು ಬಿಟ್ಟುಕೊಂಡೇ, ಮೈತುಂಬ ಕೂದಲಿನೊಂದಿಗೇ ಹುಟ್ಟುತ್ತದೆ. ಗಾತ್ರ ಮಾತ್ರ ಎಷ್ಟೋ ಪಟ್ಟು ದೊಡ್ಡದು.

ಓಡುವ ಬದಲು ಬಿಲ ತೋಡಿಕೊಂಡು ಇರಬಾರದೇ?

ಉಳಿದ ಪ್ರಶ್ನೆಗಳೆಲ್ಲ ಈ ಒಂದಕ್ಕೇ ಜೋತುಬಿದ್ದಿವೆ. ಇಲಿಗೆ ಮಣ್ಣು ಕೆರೆಯುವ ಗಟ್ಟಿ ಮುಂಗಾಲು, ಬಾಚಿಹಲ್ಲು ಇವೆ. ಸೆಂಗಿಯ ಕಾಲುಗಳು ತೆಳುವಾದ ಕಡ್ಡಿಗಳಂತೆ, ಓಟಕ್ಕೆಂದೇ ಆದವು. ಕೆಂಗಂದು ಸೆಂಗಿ ಬಿಲ ತೋಡುವುದಿಲ್ಲ, ಗೂಡನ್ನೂ ಕಟ್ಟುವುದಿಲ್ಲ. ಪೊದೆಯ ನೆರಳಿನಲ್ಲಿ, ದಾರಿಯ ಪಕ್ಕದಲ್ಲೇ ಕೂತು ಸುಧಾರಿಸಿಕೊಳ್ಳುತ್ತದೆ, ಅಲ್ಲೇ ಮರಿ ಹಾಕುತ್ತದೆ. ನುಗ್ಗಿ ಸೇರಿಕೊಳ್ಳಲು ಒಂದು ತೂತು ಇಲ್ಲದವನಿಗೆ ಉಳಿಯುವುದು ದೂರ ಮಾತ್ರ: ಬೇಟೆಗಾರನಿಗೂ ತನಗೂ ನಡುವೆ ಎಷ್ಟು ಬೇಗ ಎಷ್ಟು ಅಂತರ ಹಾಕಬಹುದು ಎಂಬುದು.

ಆಹಾರವೂ ಇದಕ್ಕೆ ಸೇರಿಕೊಂಡಿದೆ. ಇದು ಗೆದ್ದಲು, ಇರುವೆ, ಸಣ್ಣ ಹುಳಗಳನ್ನು ನೆಲದ ಮೇಲಿಂದ ಒಂದೊಂದಾಗಿ ನಾಲಿಗೆಯಿಂದ ಎತ್ತಿಕೊಳ್ಳುತ್ತದೆ. ಚೂರುಚೂರಾಗಿ ಹರಡಿದ ಊಟವಾದ್ದರಿಂದ ದಿನದ ಬಹುಪಾಲು ಬಯಲಲ್ಲೇ ಇರಬೇಕು. ಅಲ್ಲಿ ಸದಾ ಓಡಲು ಸಿದ್ಧವಾಗಿರುವುದೇ ಅದರ ಬಿಲ.

ಅದರ ದಾರಿ ಹೇಗಿರುತ್ತದೆ? ಹೇಗೆ ಮಾಡುತ್ತದೆ?

ಅಮೆರಿಕದ ಪ್ರಾಣಿವಿಜ್ಞಾನಿ ಗೇಲನ್ ರಾತ್‌ಬನ್ 1970ರ ದಶಕದಲ್ಲಿ ಕೀನ್ಯಾದ ಕಿಬ್ವೆಜಿ ಬಳಿಯ ಮುಳ್ಳುಕುರುಚಲಿನಲ್ಲಿ ಇದನ್ನು ತಾಳ್ಮೆಯಿಂದ ಗಮನಿಸಿದರು. 1979ರಲ್ಲಿ ಅದರ ವಿವರವಾದ ವರದಿ ಬಂತು. ಇವತ್ತಿಗೂ ಸೆಂಗಿಯ ದಾರಿಯ ಬಗ್ಗೆ ಮಾತು ಶುರುವಾಗುವುದು ಅಲ್ಲಿಂದಲೇ.

ಒಂದು ಜೋಡಿಯ ನೆಲೆ ಸುಮಾರು ಮೂರನೇ ಒಂದು ಹೆಕ್ಟೇರ್, ಅಂದರೆ ಒಂದು ಎಕರೆಗೂ ಸ್ವಲ್ಪ ಕಡಿಮೆ. ಅಷ್ಟರೊಳಗೆ ಕಿರಿದಾದ ಕಾಲುದಾರಿಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಪೊದೆಯಿಂದ ಪೊದೆಗೆ, ಗೆದ್ದಲು ಸಿಗುವ ಜಾಗದಿಂದ ಕೂರುವ ನೆರಳಿಗೆ, ಅಲ್ಲಿಂದ ಗಡಿಗೆ. ದಾರಿಯ ಮೇಲೆ ನೆಲ ಬರಿದಾಗಿ, ನುಣ್ಣಗೆ ಇರುತ್ತದೆ. ಪಕ್ಕದಲ್ಲೇ ತರಗೆಲೆ, ಮುಳ್ಳು, ಕಡ್ಡಿ ತುಂಬಿರುತ್ತವೆ.

ಗುಡಿಸುವ ಕ್ರಮ ಸರಳ. ಸೆಂಗಿ ದಾರಿಯುದ್ದಕ್ಕೂ ಮೆಲ್ಲಗೆ ಸಾಗುತ್ತದೆ. ಎಲೆಯೋ ಕಡ್ಡಿಯೋ ಕಂಡಲ್ಲಿ ನಿಂತು ಮುಂಗಾಲನ್ನು ಪಕ್ಕಕ್ಕೆ ಫಟ್ಟನೆ ಬೀಸುತ್ತದೆ. ಕಸ ದಾರಿಯಾಚೆ ಹಾರುತ್ತದೆ. ಮತ್ತೆ ಎರಡು ಹೆಜ್ಜೆ, ಮತ್ತೊಂದು ಬೀಸು. ಮರಗಳು ಎಲೆ ಉದುರಿಸುವ ಕಾಲದಲ್ಲಿ ಈ ಕೆಲಸಕ್ಕೆ ಕೊನೆಯೇ ಇಲ್ಲ: ನಿನ್ನೆ ಗುಡಿಸಿದ್ದು ಇವತ್ತು ಮತ್ತೆ ಮುಚ್ಚಿರುತ್ತದೆ. ಅಂಗಳಕ್ಕೆ ಹಲಸಿನ ಎಲೆ ಬೀಳುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಇದರಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ, ಹಲವರು ಒಂದನ್ನಷ್ಟೇ ಗಮನಿಸುತ್ತಾರೆ. ದಾರಿ ಚೊಕ್ಕಟವಾಗುತ್ತದೆ, ಅದು ಸರಿ. ಜೊತೆಗೆ ಪ್ರತಿದಿನ ಪ್ರತಿ ತಿರುವಿನ ಮೇಲೂ ಅದರ ಕಾಲು ಬೀಳುತ್ತದೆ, ಮೂತಿ ಆಡುತ್ತದೆ. ಗುಡಿಸುವುದೇ ಪಾಠ ಒಪ್ಪಿಸುವುದೂ ಆಗುತ್ತದೆ.

ಒಂದು ಕಡ್ಡಿ ದಾರಿಯ ಮೇಲೆ ಬಿದ್ದಿದ್ದರೆ ಅಷ್ಟೇನು ನಷ್ಟ?

ಲೆಕ್ಕ ಹಾಕಿ ನೋಡಿ. ಸೆಂಗಿಗಳ ಗರಿಷ್ಠ ವೇಗವೆಂದು ಸಾಮಾನ್ಯವಾಗಿ ಹೇಳುವುದು ಗಂಟೆಗೆ ಸುಮಾರು 28 ಕಿ.ಮೀ. ಅಂದರೆ ಸೆಕೆಂಡಿಗೆ 7.8 ಮೀಟರ್. ಕಣ್ಣು ಕಂಡದ್ದು ಮಿದುಳಿಗೆ ಹೋಗಿ, ಅಲ್ಲಿಂದ ಕಾಲಿಗೆ ಆಜ್ಞೆ ಬರಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಹಿಡಿಯಿತು ಅಂದುಕೊಳ್ಳಿ. ಅಷ್ಟರಲ್ಲಿ ಅದು 39 ಸೆಂಟಿಮೀಟರ್ ದಾಟಿರುತ್ತದೆ, ತನ್ನ ಮೈಯುದ್ದದ ಸುಮಾರು ಮೂರು ಪಟ್ಟು. ಅದಕ್ಕಿಂತ ಹತ್ತಿರ ಕಂಡ ಅಡ್ಡಿಗೆ ಉತ್ತರ ಕೊಡಲು ಸಮಯವೇ ಇಲ್ಲ. ಪೊದೆಗಳ ನಡುವಿನ ತಿರುವಿನಲ್ಲಿ ಕಣ್ಣಿಗೆ ಅಷ್ಟು ದೂರವೂ ಕಾಣುವುದಿಲ್ಲ.

ಪೂರ್ತಿ ವೇಗದಲ್ಲಿ ಓಡುವ ಪ್ರಾಣಿ ಎದುರಿಗೆ ಕಂಡದ್ದನ್ನು ನಂಬಿ ಓಡಲಾರದು, ಅಲ್ಲಿ ಏನೂ ಇಲ್ಲ ಎಂದು ಮೊದಲೇ ಗೊತ್ತಿದ್ದನ್ನು ನಂಬಿ ಓಡುತ್ತದೆ. ಆ ನಂಬಿಕೆ ಹುಸಿಯಾಗದಂತೆ ಮಾಡುವುದೇ ಗುಡಿಸುವಿಕೆ. ಕಡ್ಡಿ ಎಡವಿಸಿದರೆ ಕಾಲು ಮುರಿಯಬೇಕೆಂದೇನಿಲ್ಲ, ಒಂದು ಜಿಗಿತದ ಲಯ ತಪ್ಪಿದರೆ ಸಾಕು. ಗಿಡುಗಕ್ಕೆ ಬೇಕಾದದ್ದು ಅಷ್ಟೇ. ಒಣ ಎಲೆಗೆ ಇನ್ನೊಂದು ದೋಷವಿದೆ: ಸದ್ದು. ಸರಸರ ಎಂದರೆ ಓಡಿದ್ದು ಯಾವ ಕಡೆಗೆ ಎಂದು ಬೇಟೆಗಾರನಿಗೆ ನಾವೇ ಹೇಳಿಕೊಟ್ಟಂತೆ.

ಗಂಟೆಗೆ 28 ಕಿ.ಮೀ. ಅಂಥ ದೊಡ್ಡ ವೇಗವೇ? ಬೀದಿನಾಯಿ ಅದಕ್ಕಿಂತ ಜೋರಾಗಿ ಓಡುತ್ತದಲ್ಲ?

ಓಡುತ್ತದೆ. ಆದರೆ ಕಿಲೋಮೀಟರಿನ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಮೈಯುದ್ದದಲ್ಲಿ ಅಳೆದರೆ 12–13 ಸೆಂಟಿಮೀಟರಿನ ಸೆಂಗಿ ಸೆಕೆಂಡಿಗೆ ತನ್ನ ಉದ್ದದ 60 ಪಟ್ಟು ದೂರ ಹೋಗುತ್ತದೆ. 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರ್ ಅನ್ನು 9.58 ಸೆಕೆಂಡಿನಲ್ಲಿ ಓಡಿದ ಉಸೇನ್ ಬೋಲ್ಟ್, ತಮ್ಮ ಅತಿವೇಗದ ಘಟ್ಟದಲ್ಲೂ ಸೆಕೆಂಡಿಗೆ ತಮ್ಮ ಎತ್ತರದ ಆರೂವರೆ ಪಟ್ಟು ಮೀರಲಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಬೆನ್ನಟ್ಟುವವನಿಗೆ ಆ ದಾರಿ ಹೊಸದು, ಓಡುವವನಿಗೆ ಹಳೆಯದು. ಮುಂಗುಸಿಯೋ ಕಾಡುಬೆಕ್ಕೋ ಬಯಲಿನಲ್ಲಿ ಸೆಂಗಿಗಿಂತ ಜೋರಾಗಿ ಓಡಬಹುದು. ಮುಳ್ಳುಕಂಟಿಯೊಳಗೆ ಪ್ರತಿ ತಿರುವಿನಲ್ಲೂ ಅದು ನೋಡಿ, ಯೋಚಿಸಿ, ತಿರುಗಬೇಕು. ಸೆಂಗಿ ನಿಧಾನಿಸದೆ ತಿರುಗಿರುತ್ತದೆ. ಪಂದ್ಯ ಗೆಲ್ಲುವುದು ನೇರ ಓಟದಲ್ಲಿ ಅಲ್ಲ, ತಿರುವಿನಲ್ಲಿ.

ಅಷ್ಟು ವೇಗಕ್ಕೆ ಮೈಯಲ್ಲಿ ಏನು ಏರ್ಪಾಡಿದೆ?

ಹಿಂಗಾಲು ಮುಂಗಾಲಿಗಿಂತ ಬಹಳ ಉದ್ದ, ಅದರಲ್ಲೂ ಪಾದದ ಮೂಳೆಗಳು ನೀಳವಾಗಿವೆ. ಮೊಣಕಾಲಿನ ಕೆಳಗಿನ ಎರಡು ಮೂಳೆಗಳು ಕೆಳಭಾಗದಲ್ಲಿ ಬೆಸೆದುಕೊಂಡಿವೆ. ಇದರಿಂದ ಪಾದ ಪಕ್ಕಕ್ಕೆ ಹೊರಳುವುದು ಕಡಿಮೆಯಾಗುತ್ತದೆ, ಹಿಂದೆ-ಮುಂದೆ ಚಿಮ್ಮುವ ಶಕ್ತಿ ಪೋಲಾಗುವುದಿಲ್ಲ. ದೊಡ್ಡ ಕಣ್ಣು, ಅಗಲ ಕಿವಿ, ಉದ್ದ ಮೀಸೆಕೂದಲು ಇವೆ. ನೋಡಿದರೆ ಪುಟ್ಟ ಜಿಂಕೆಗೆ ಇರುವೆಭಕ್ಷಕನ ಮೂತಿ ಅಂಟಿಸಿದಂತೆ ಕಾಣುತ್ತದೆ, ಹೋಲಿಕೆ ಬರೀ ನೋಟದ್ದಲ್ಲ: ಎರಡೂ ಕೆಲಸವನ್ನು ಈ ಮೈ ಮಾಡಬೇಕು.

ದಾರಿ ನೆನಪಿಟ್ಟುಕೊಳ್ಳುವುದು ಹೇಗೆ? ವಾಸನೆ ಹಿಡಿದು ಹೋಗುತ್ತದೆಯೇ?

ವಾಸನೆಗೆ ಪಾಲಿದೆ. ಸೆಂಗಿಗಳ ಎದೆ, ಬಾಲ ಮುಂತಾದ ಕಡೆ ವಾಸನೆಯ ಗ್ರಂಥಿಗಳಿವೆ. ದಾರಿಯಲ್ಲಿ ಅವುಗಳ ಗುರುತು ಬೀಳುತ್ತದೆ. ಆದರೆ ಅದು ಮೆಲ್ಲಗೆ ಓಡಾಡುವಾಗಿನ ಮಾತು, 'ಇದು ನಮ್ಮ ಜಾಗ' ಎಂದು ಇತರರಿಗೆ ಹೇಳುವ ಮಾತು. ಸೆಕೆಂಡಿಗೆ ಏಳು ಮೀಟರ್ ಓಡುವಾಗ ಮೂಸಿ ನೋಡಿ ತಿರುಗಲು ಬಿಡುವೆಲ್ಲಿ? ಆಗ ಕೈಹಿಡಿಯುವುದು ತಲೆಯೊಳಗಿನ ನಕ್ಷೆ.

ಅಂಥ ನಕ್ಷೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಚೆನ್ನಾಗಿ ತೋರಿಸಿದ್ದು ಪ್ರಯೋಗಾಲಯದ ಸಾಮಾನ್ಯ ಚಿಕ್ಕಿಲಿ. ಮೇಲಿನಿಂದ ಕಪ್ಪು ವೃತ್ತವೊಂದು ಬೇಗಬೇಗ ದೊಡ್ಡದಾಗುವಂತೆ ತೆರೆಯ ಮೇಲೆ ತೋರಿಸಿದರೆ ಇಲಿ ಅದನ್ನು ಎರಗುವ ಹಕ್ಕಿಯೆಂದೇ ಬಗೆಯುತ್ತದೆ, ಒಂದೋ ಓಡುತ್ತದೆ ಇಲ್ಲವೇ ಮರಗಟ್ಟಿ ನಿಲ್ಲುತ್ತದೆ. 2013ರಲ್ಲಿ ವಿಜ್ಞಾನಿಗಳಾದ ಯಿಲ್ಮಾಜ್ ಮತ್ತು ಮೈಸ್ಟರ್ ಈ ವಿಧಾನವನ್ನು ಪ್ರಕಟಿಸಿದ ಮೇಲೆ ಹಲವು ಪ್ರಯೋಗಾಲಯಗಳು ಅದನ್ನು ಹಿಡಿದುಕೊಂಡವು. ಬ್ರಿಟನ್ನಿನಲ್ಲಿ ಟಿಯಾಗೊ ಬ್ರಾಂಕೊ ಅವರ ತಂಡ 2017ರಲ್ಲಿ ತೋರಿಸಿದ್ದು ಇದು: ಹೊಸ ಅಖಾಡದಲ್ಲಿ ಬಿಟ್ಟ ಇಲಿಗೆ ಅಡಗುತಾಣವನ್ನು ಒಂದೇ ಒಂದು ಸಲ, ಅದೂ ಕೆಲವೇ ಸೆಕೆಂಡು ಹೊಕ್ಕು ಬಂದರೆ ಸಾಕು. ಅಪಾಯ ಕಂಡೊಡನೆ ಅದು ತಲೆಯನ್ನು ಅತ್ತ ತಿರುಗಿಸಿ ನೆಟ್ಟಗೆ ಓಡುತ್ತದೆ. ಅಡಗುತಾಣ ಕಣ್ಣಿಗೆ ಕಾಣಬೇಕೆಂದಿಲ್ಲ, ಕತ್ತಲಿದ್ದರೂ ನಡೆಯುತ್ತದೆ. ಅಡಗುತಾಣವೇ ಇಲ್ಲದ ಅಖಾಡದಲ್ಲಿ ಅದೇ ಇಲಿ ಓಡುವುದನ್ನು ಬಿಟ್ಟು ಅಲ್ಲಾಡದೆ ನಿಂತುಬಿಡುತ್ತದೆ. ಅಂದರೆ 'ಓಡಲೋ, ನಿಲ್ಲಲೋ' ಎಂಬ ತೀರ್ಮಾನವನ್ನೇ ನೆನಪು ಮಾಡುತ್ತದೆ. ಎಲ್ಲಿಗೆ ಎಂಬುದು ಗೊತ್ತಿಲ್ಲದಿದ್ದರೆ ಓಟಕ್ಕೆ ಅರ್ಥವಿಲ್ಲ.

ಸೆಂಗಿಗೆ ಇನ್ನೂ ಹತ್ತಿರವಾದ ಪ್ರಯೋಗ ಅದೇ ತಂಡದಿಂದ 2021ರಲ್ಲಿ ಬಂತು. ಇಲಿಗೂ ಅಡಗುತಾಣಕ್ಕೂ ನಡುವೆ ಗೋಡೆಯೊಂದನ್ನು ಇಟ್ಟರು. ಸ್ವಲ್ಪ ಹೊತ್ತು ಅಲ್ಲಿ ತಿರುಗಾಡಿ, ಗೋಡೆಯ ತುದಿಯವರೆಗೆ ಓಡಿ ಅಭ್ಯಾಸವಾದ ಇಲಿಗಳು, ಅಪಾಯ ಬಂದಾಗ ಮೊದಲು ಗೋಡೆಯ ತುದಿಗೆ, ಅಲ್ಲಿಂದ ಅಡಗುತಾಣಕ್ಕೆ ಹೀಗೆ ಎರಡು ಕಂತಿನಲ್ಲಿ ಓಡಿದವು. ಪೂರ್ತಿ ದಾರಿಯನ್ನು ಬಾಯಿಪಾಠ ಮಾಡಿರಲಿಲ್ಲ, ನಡುವಿನ ಗುರಿಗಳನ್ನು ನೆನಪಿಟ್ಟುಕೊಂಡಿದ್ದವು. ನಾವು ಊರಿನಲ್ಲಿ ದಾರಿ ಹೇಳುವುದೂ ಹಾಗೆಯೇ: 'ಅರಳೀಕಟ್ಟೆಯ ತನಕ ಹೋಗಿ, ಅಲ್ಲಿ ಎಡಕ್ಕೆ.' ಸೆಂಗಿಯ ಬಲೆಯಂಥ ದಾರಿಗೂ ಇದೇ ಬಗೆಯ ನೆನಪು ಒಪ್ಪುತ್ತದೆ. ನೂರು ಓಟಗಳನ್ನು ಬೇರೆ ಬೇರೆ ನೆನಪಿಡುವ ಬದಲು ಕವಲುಗಳನ್ನು ನೆನಪಿಟ್ಟರೆ ಯಾವ ಕವಲಿನಿಂದ ಯಾವ ಕಡೆಗೂ ಹೊರಳಬಹುದು.

ನೆನಪು ಕೈಕೊಡುವುದೂ ಉಂಟೇ?

ಉಂಟು, ಮತ್ತು ಕೈಕೊಡುವ ರೀತಿಯೇ ಅದು ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ. ಮೇಲಿನ ಪ್ರಯೋಗದಲ್ಲಿ ಗೋಡೆಯನ್ನು ತೆಗೆದುಬಿಟ್ಟ ಮೇಲೂ ಹಲವು ಇಲಿಗಳು ಇಲ್ಲದ ಗೋಡೆಯ ತುದಿಗೇ ಓಡಿ ಅಲ್ಲಿಂದ ತಿರುಗಿದವು. ಅಡಗುತಾಣವನ್ನು ಬೇರೆಡೆಗೆ ಸರಿಸಿದಾಗ ಮೊದಲಿಗೆ ಹಳೆಯ ಜಾಗಕ್ಕೇ ಓಡಿದವು.

ಆಸ್ಟ್ರಿಯಾದ ಪ್ರಾಣಿವಿಜ್ಞಾನಿ ಕಾನ್ರಾಡ್ ಲೊರೆಂಜ್ ಸಾಕಿದ್ದ ನೀರುಸುಂಡಿಲಿಗಳು ಈ ವಿಷಯದಲ್ಲಿ ಹಳೆಯ, ಪ್ರಸಿದ್ಧ ಉದಾಹರಣೆ. ಅವುಗಳ ದಾರಿಯಲ್ಲಿ ಕಲ್ಲುಗಳಿದ್ದವು, ಅಲ್ಲಿಗೆ ಬಂದಾಗ ಜಿಗಿದು ಹತ್ತಿ ಇಳಿಯುತ್ತಿದ್ದವು. ಕಲ್ಲನ್ನು ತೆಗೆದ ಮೇಲೂ ಅದೇ ಜಾಗದಲ್ಲಿ ಗಾಳಿಗೆ ಜಿಗಿದು ದೊಪ್ಪನೆ ಬಿದ್ದವು. ಹಿಂದಕ್ಕೆ ಹೋಗಿ, ಮೀಸೆಯಿಂದ ತಡಕಾಡಿ, ಮತ್ತೆ ಜಿಗಿದು ನೋಡಿದವು. ಓದಿದವರಿಗೆ ನಗು ಬರುತ್ತದೆ. ಆದರೆ ಕತ್ತಲಲ್ಲಿ ಮನೆಯ ಮೆಟ್ಟಿಲು ಇಳಿಯುವಾಗ ಇಲ್ಲದ ಕೊನೆಯ ಮೆಟ್ಟಿಲಿಗೆ ಕಾಲಿಟ್ಟ ಅನುಭವ ಯಾರಿಗಿಲ್ಲ? ಬೇಗ ಹೋಗಬೇಕಾದರೆ ಪರೀಕ್ಷಿಸುವುದನ್ನು ಬಿಡಬೇಕು, ಅದಕ್ಕೆ ತೆರುವ ಬೆಲೆ ಇದು. ಸೆಂಗಿ ದಿನಾ ದಾರಿ ಸುತ್ತುವುದರಿಂದ ಆ ಬೆಲೆ ಕಡಿಮೆಯಾಗುತ್ತದೆ: ಹೊಸದಾಗಿ ಬಿದ್ದ ಕೊಂಬೆ ಅದಕ್ಕೆ ಗೊತ್ತಾಗುವುದು ಗುಡಿಸುವಾಗ, ಓಡುವಾಗಲ್ಲ.

ಬೇಟೆಗಾರ ಕಂಡೊಡನೆ ಓಡಿಬಿಡುತ್ತದೆಯೇ?

ಇಲ್ಲ. ಓಟ ಕೊನೆಯ ಅಸ್ತ್ರ. ದೂರದಲ್ಲಿ ಏನೋ ಕಂಡರೆ ಮೊದಲು ಅಲುಗಾಡದೆ ನಿಲ್ಲುತ್ತದೆ. ಕಂದುಬಣ್ಣ, ಪೊದೆಯ ನೆರಳು, ಚಲನೆಯಿಲ್ಲ ಎಂದಾದರೆ ಹಕ್ಕಿಯ ಕಣ್ಣಿಗೂ ಸಿಗುವುದು ಕಷ್ಟ. ಕಳವಳವಾದಾಗ ಹಿಂಗಾಲಿನಿಂದ ನೆಲ ಬಡಿಯುವುದು ಸೆಂಗಿಗಳಲ್ಲಿ ಸಾಮಾನ್ಯ, ಬಡಿತದ ಲಯ ಜಾತಿಯಿಂದ ಜಾತಿಗೆ ಬೇರೆ.

ಕೀನ್ಯಾ ಕರಾವಳಿಯ ಹೊಂಬೆನ್ನಿನ ಸೆಂಗಿ ಇದನ್ನು ಇನ್ನೂ ನಾಜೂಕಾಗಿ ಮಾಡುತ್ತದೆ. ಅದು ಅರ್ಧ ಕಿಲೋಗಿಂತ ತುಸು ಹೆಚ್ಚು ತೂಗುವ ದೊಡ್ಡ ಸೆಂಗಿ, ಸೊಂಟದ ಮೇಲೆ ಹೊಳೆಯುವ ಹಳದಿ ಮಚ್ಚೆಯಿದೆ. ಬೇಟೆಗಾರ ಇನ್ನೂ ದೂರದಲ್ಲಿದ್ದರೆ ಬಾಲದಿಂದ ತರಗೆಲೆಯನ್ನು ಪಟಪಟ ಬಡಿಯುತ್ತದೆ. 'ನಿನ್ನನ್ನು ನೋಡಿದ್ದೇನೆ, ಸುಮ್ಮನೆ ಶ್ರಮಪಡಬೇಡ' ಎಂಬ ಸಂದೇಶ. ಹೊಂಚು ಹಾಕುವವನ ಬಂಡವಾಳವೇ ಕಾಣದಿರುವುದು, ಅದು ಹೋದ ಮೇಲೆ ಅವನು ಮುಂದುವರಿದು ಪ್ರಯೋಜನವಿಲ್ಲ. ಬೇಟೆಗಾರ ಈಗಾಗಲೇ ತೀರಾ ಹತ್ತಿರ ಬಂದಿದ್ದರೆ ಈ ಮಾತುಕತೆ ಯಾವುದೂ ಇಲ್ಲ, ನೇರ ಓಟ. ಹಳದಿ ಮಚ್ಚೆಯ ಕೆಳಗಿನ ಚರ್ಮ ಬೆನ್ನಿನ ಬೇರೆ ಭಾಗಕ್ಕಿಂತ ಬಹಳ ದಪ್ಪ. ತಮ್ಮತಮ್ಮೊಳಗಿನ ಕಾದಾಟದಲ್ಲಿ ಕಚ್ಚಿಸಿಕೊಳ್ಳುವುದು ಅಲ್ಲೇ. ಬೆನ್ನಟ್ಟುವವನ ಕಣ್ಣನ್ನೂ ತಲೆಯಿಂದ ದೂರ, ಅಲ್ಲಿಗೇ ಸೆಳೆಯುತ್ತದೆ ಎಂಬ ವಾದವೂ ಇದೆ. ಎರಡೂ ಒಟ್ಟಿಗೇ ನಿಜವಾಗಿರಬಹುದು.

ದಿನವೂ ಒಂದೇ ದಾರಿ ಹಿಡಿದರೆ ಹಾವು ಅಲ್ಲೇ ಕಾದು ಕೂರುವುದಿಲ್ಲವೇ?

ಒಳ್ಳೆಯ ಪ್ರಶ್ನೆ. ಈ ಏರ್ಪಾಡಿನ ನಿಜವಾದ ದೌರ್ಬಲ್ಯ ಇದೇ. ಹೊಂಚುಹಾಕುವ ಹಾವಿಗೆ ಸವೆದ ದಾರಿ ಅನುಕೂಲ. ಸೆಂಗಿಗಿರುವ ಪರಿಹಾರ ಮೂರು. ಒಂದೇ ದಾರಿಯ ಬದಲು ಕವಲೊಡೆದ ಬಲೆ, ಒಂದು ಕಡೆ ಅಪಾಯವಿದ್ದರೆ ಇನ್ನೊಂದು ಕಡೆಯಿಂದ ಸುತ್ತು. ದಾರಿ ಬರಿನೆಲವಾದ್ದರಿಂದ ಅದರ ಮೇಲೆ ಮಲಗಿದ ಹಾವು ತರಗೆಲೆಯಲ್ಲಿ ಮಲಗಿದ ಹಾವಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ. ಮೂರನೆಯದು ಚುರುಕು.

ಚುರುಕು ಎಷ್ಟಿರಬಹುದು ಎಂಬುದಕ್ಕೆ ಉತ್ತರ ಅಮೆರಿಕದ ಮರುಭೂಮಿಯ ಕಾಂಗರೂ ಇಲಿಯನ್ನು ನೋಡಬೇಕು. ಅದೂ ಉದ್ದ ಹಿಂಗಾಲಿನದು, ಆದರೆ ಸೆಂಗಿಯ ನೆಂಟನಲ್ಲ, ದಂಶಕ, ಅಂದರೆ ಇಲಿ, ಅಳಿಲುಗಳ ಬಳಗದ್ದು. ಬುಡುಬುಡಿಕೆ ಹಾವು ಎರಗಿ ಮುಟ್ಟಲು ಹಿಡಿಯುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಅತಿವೇಗದ ಕ್ಯಾಮೆರಾ ಇಟ್ಟು ಚಿತ್ರಿಸಿದಾಗ ಅತ್ಯಂತ ಚುರುಕಾದ ಕಾಂಗರೂ ಇಲಿಗಳು 40 ಮಿಲಿಸೆಕೆಂಡಿನ ಆಸುಪಾಸಿನಲ್ಲೇ ನೆಲ ಬಿಡಲು ಶುರುಮಾಡಿದ್ದು ಕಂಡಿತು. ಕೆಲವು ಗಾಳಿಯಲ್ಲೇ ಹಾವಿನ ತಲೆಗೆ ಹಿಂಗಾಲಿನಿಂದ ಒದ್ದವು, ಬಾಲ ತಿರುಗಿಸಿ ಮೈ ಹೊರಳಿಸಿ ನೆಟ್ಟಗೆ ಇಳಿದವು. ನಮ್ಮ ರೆಪ್ಪೆ ಒಮ್ಮೆ ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕಾಂಗರೂ ಇಲಿಯ ಕಿವಿಯ ಹಿಂದಿನ ಮೂಳೆಗೂಡು ಬಹಳ ದೊಡ್ಡದು, ಗೂಬೆಯ ರೆಕ್ಕೆ, ಹಾವಿನ ಸರಿದಾಟದಂಥ ತಗ್ಗು ಸದ್ದುಗಳು ಅದಕ್ಕೆ ಚೆನ್ನಾಗಿ ಕೇಳುತ್ತವೆ.

ಗಂಡು ಹೆಣ್ಣಿನಲ್ಲಿ ಗುಡಿಸುವ ಕೆಲಸ ಯಾರದು?

ಹೆಚ್ಚಿನ ಪಾಲು ಗಂಡಿನದು. ಜೋಡಿ ಒಂದೇ ನೆಲೆಯನ್ನು ಹಂಚಿಕೊಂಡಿರುತ್ತದೆ, ಆದರೆ ಒಟ್ಟಿಗೆ ಓಡಾಡುವುದು ಕಡಿಮೆ. ಗಂಡು ಮರಿಗೆ ಹಾಲು ಕೊಡಲಾರದು, ಹೊತ್ತು ತಿರುಗುವುದೂ ಇಲ್ಲ. ಅದರ ಪಿತೃಧರ್ಮ ಗುಡಿಸಿದ ದಾರಿಯ ರೂಪದಲ್ಲಿ ಬರುತ್ತದೆ ಎಂದು ರಾತ್‌ಬನ್ ವಾದಿಸಿದರು. ಗಡಿ ಕಾಯುವುದರಲ್ಲೂ ಹಂಚಿಕೆಯಿದೆ: ನುಗ್ಗಿದ ಗಂಡನ್ನು ಗಂಡು ಓಡಿಸುತ್ತದೆ, ಹೆಣ್ಣನ್ನು ಹೆಣ್ಣು.

ಮರಿಗಳಿಗೆ ದಾರಿ ಕಲಿಸುವವರು ಯಾರು?

ಕೂತು ಕಲಿಸುವವರು ಯಾರೂ ಇಲ್ಲ. ಸುಮಾರು ಎರಡು ತಿಂಗಳ ಬಸಿರಿನ ನಂತರ ಒಂದು ಅಥವಾ ಎರಡು ಮರಿ. 58 ಗ್ರಾಮಿನ ತಾಯಿಗೆ 10 ಗ್ರಾಮಿನ ಮರಿ, ಇಷ್ಟು ಚಿಕ್ಕ ಪ್ರಾಣಿಗೆ ಅದು ದೊಡ್ಡ ಮರಿಯೇ. ಕಣ್ಣು ತೆರೆದಿರುತ್ತದೆ, ಕೂದಲಿರುತ್ತದೆ, ಹುಟ್ಟಿದ ದಿನವೇ ಓಡಬಲ್ಲದು. ಬಿಲವೂ ಗೂಡೂ ಇಲ್ಲದ ಮನೆಯಲ್ಲಿ ಇಲಿಮರಿಯಂತೆ ಕಣ್ಣುಮುಚ್ಚಿ, ಬೆತ್ತಲೆಯಾಗಿ ಹುಟ್ಟಿದರೆ ಉಳಿಯುವುದು ಸಾಧ್ಯವಿಲ್ಲ. ಗೂಡು ಕಟ್ಟುವ ಹೊಂಬೆನ್ನಿನ ಸೆಂಗಿಯಲ್ಲಿ ಮರಿ ಮೊದಲ ಮೂರು ವಾರ ಗೂಡಿನಲ್ಲೇ ಇರುತ್ತದೆ, ಅಲ್ಲಿ ಅಷ್ಟು ಅವಸರವಿಲ್ಲ.

ತಾಯಿತಂದೆ ಗುಡಿಸಿಟ್ಟ ದಾರಿಯಲ್ಲೇ ಮರಿ ಓಡಾಡುತ್ತಾ ನಕ್ಷೆ ಕಲಿಯುತ್ತದೆ. ಮುಂದಿನ ಮರಿಗಳು ಬರುವ ಹೊತ್ತಿಗೆ ಇದನ್ನು ಹೊರಗಟ್ಟುತ್ತಾರೆ. ಕಲಿತ ನಕ್ಷೆಯೆಲ್ಲ ಅಲ್ಲೇ ಉಳಿಯುತ್ತದೆ, ಕಾಲು ಮಾತ್ರ ಜೊತೆಗೆ ಬರುತ್ತದೆ. ಸೆಂಗಿಯ ಬದುಕಿನಲ್ಲಿ ಅತ್ಯಂತ ಅಪಾಯದ ದಿನಗಳಿವು.

ಎಲ್ಲ ಸೆಂಗಿಗಳೂ ದಾರಿ ಗುಡಿಸುತ್ತವೆಯೇ?

ಇಲ್ಲ, ನೆಲ ಹೇಗೋ ಉಪಾಯ ಹಾಗೆ. ಬಂಡೆಗಳ ನಡುವೆ ಇರುವ ಜಾತಿಗಳಿಗೆ ಬಂಡೆಯ ಸಂದೇ ಆಸರೆ, ಗುಡಿಸಲು ಎಲೆಯೂ ಇಲ್ಲ. ನಾಲ್ಬೆರಳ ಸೆಂಗಿ ಜಿಗಿಯುತ್ತಾ ಹೋಗುವುದರಿಂದ ಪೂರ್ತಿ ದಾರಿಯ ಬದಲು ಕಾಲಿಳಿಸುವ ಜಾಗಗಳನ್ನಷ್ಟೇ ಬರಿದು ಮಾಡುತ್ತದೆ, ಹೊಳೆ ದಾಟಲು ಇಟ್ಟ ಕಲ್ಲುಗಳ ಸಾಲಿನಂತೆ. ಹೊಂಬೆನ್ನಿನ ಸೆಂಗಿ ದಟ್ಟ ತರಗೆಲೆಯ ಕಾಡಿನದು, ಅಲ್ಲಿ ದಾರಿ ಗುಡಿಸಹೊರಟರೆ ಮುಗಿಯದು. ಅದು ಹಲವು ಎಲೆಗೂಡುಗಳನ್ನು ಕಟ್ಟಿಕೊಂಡು ಮಲಗುವ ಜಾಗವನ್ನು ಬದಲಿಸುತ್ತಿರುತ್ತದೆ. ಗೂಡು ಕಟ್ಟುವುದು ಮುಂಜಾನೆ, ಇಬ್ಬನಿಗೆ ಎಲೆ ನೆನೆದು ಸದ್ದು ಮಾಡದಿರುವಾಗ.

ಈ ಜ್ಞಾನ ನಮ್ಮ ಮನೆ, ಹೊಲದ ಇಲಿಗಳಿಗೆ ಅನ್ವಯಿಸುತ್ತದೆಯೇ?

ಧಾರಾಳವಾಗಿ. ಮನೆಯ ಇಲಿ ಗೋಡೆಗೆ ಮೈ ತಾಗಿಸಿಕೊಂಡು, ದಿನವೂ ಒಂದೇ ದಾರಿಯಲ್ಲಿ ಓಡುತ್ತದೆ. ಗೋಡೆಯ ಬುಡದಲ್ಲಿ, ತೊಲೆಯ ತಿರುವಿನಲ್ಲಿ ಕಾಣುವ ಜಿಡ್ಡಿನ ಕಪ್ಪು ಗೆರೆ ಅದರ ಮೈಯೆಣ್ಣೆಯದು. ಬೋನನ್ನು ಕೋಣೆಯ ನಡುವೆ ಇಟ್ಟು 'ಇಲಿ ಬಹಳ ಜಾಣ' ಎನ್ನುವುದು ಸಾಮಾನ್ಯ ತಪ್ಪು. ಆ ಗೆರೆಯ ಮೇಲೇ ಇಡಬೇಕು. ಬಡಿಯುವ ಬೋನಾದರೆ ಗೋಡೆಗೆ ಅಡ್ಡವಾಗಿ, ತಿಂಡಿ ಇರುವ ತುದಿ ಗೋಡೆಗೆ ತಾಗುವಂತೆ. ದೊಡ್ಡ ಇಲಿ ತನ್ನ ದಾರಿಯಲ್ಲಿ ಹೊಸ ವಸ್ತು ಕಂಡರೆ ಹಲವು ದಿನ ದೂರವೇ ಇರುತ್ತದೆ, ಕಾರಣ ಅದೇ: ನೆನಪಿನ ನಕ್ಷೆಗೆ ಹೊಂದದ್ದು ಅಪಾಯ. ಹಾಗಾಗಿ ಮೊದಲ ಮೂರು-ನಾಲ್ಕು ದಿನ ಬೋನನ್ನು ಹೂಡದೆ, ತಿಂಡಿ ಮಾತ್ರ ಇಟ್ಟು ಬಿಡಿ, ತಿನ್ನುವ ರೂಢಿಯಾದ ಮೇಲೆ ಹೂಡಿ. ಚಿಕ್ಕಿಲಿಗೆ ಈ ಹಿಂಜರಿಕೆ ಕಡಿಮೆ, ಹೊಸದನ್ನು ಬೇಗ ಮೂಸಿ ನೋಡುತ್ತದೆ. ಅದಕ್ಕೆ ಮೊದಲ ರಾತ್ರಿಯೇ ಹೂಡಬಹುದು.

ಗದ್ದೆಯ ಬದುವಿನ ಬಿಲಗಳಲ್ಲಿ ಇಲಿ ಇದೆಯೋ ಇಲ್ಲವೋ ತಿಳಿಯಲು ಸಂಜೆ ಎಲ್ಲ ಬಿಲಗಳ ಬಾಯಿಗೆ ಮಣ್ಣು ಮೆತ್ತಿ, ಬೆಳಗ್ಗೆ ತೆರೆದಿರುವುದನ್ನಷ್ಟೇ ಎಣಿಸಿ. ಇಲಿ ಹೊಸ ಬಿಲ ತೋಡುವ ಮೊದಲು ನೆನಪಿನಲ್ಲಿರುವ ಬಾಯನ್ನೇ ಬಿಡಿಸುತ್ತದೆ.

ಸೆಂಗಿಯನ್ನು ಸಾಕಬಹುದೇ?

ಬೇಡ. ಬೋನಿನ ಮೂಲೆ ಅದಕ್ಕೆ ಓಟದ ಕೊನೆ, ಬೆದರಿದಾಗ ಗೋಡೆಗೆ ಡಿಕ್ಕಿ ಹೊಡೆದು ಮೂತಿಗೆ ಪೆಟ್ಟು ಮಾಡಿಕೊಳ್ಳುತ್ತದೆ.

ನೋಡಬೇಕಾದರೆ ಎಲ್ಲಿಗೆ, ಯಾವಾಗ ಹೋಗಬೇಕು?

ಕೀನ್ಯಾ ಪ್ರವಾಸಕ್ಕೆ ಹೋಗುವವರು ಮಾಲಿಂಡಿಯ ಹತ್ತಿರದ ಗೇಡಿ ಪಾಳುಪಟ್ಟಣವನ್ನೂ ಪಕ್ಕದ ಅರಬುಕೊ-ಸೊಕೊಕೆ ಕಾಡನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು. ಹೊಂಬೆನ್ನಿನ ಸೆಂಗಿ ಹಗಲಿನದು, ಹೀಗಾಗಿ ಟಾರ್ಚು ಬೇಡ. ಬೆಳಗಿನ ಮೊದಲ ಎರಡು ಗಂಟೆ ಒಳ್ಳೆಯದು. ನಡೆಯುತ್ತಾ ಹುಡುಕಿದರೆ ಸಿಗುವುದು ಓಡುವ ಹಳದಿ ಚುಕ್ಕಿ ಮಾತ್ರ. ಒಂದು ಕಡೆ ಅರ್ಧ ಗಂಟೆ ಅಲುಗಾಡದೆ ಕೂತು, ತರಗೆಲೆಯಲ್ಲಿ ಮೂತಿ ಆಡಿಸುವ ಸದ್ದಿಗೆ ಕಿವಿಗೊಡಿ. ಬಾಲದ ಪಟಪಟ ಕೇಳಿಸಿದರೆ ನೀವು ಸಿಕ್ಕಿಬಿದ್ದಿರಿ ಎಂದರ್ಥ, ಆಗ ಹಿಂದೆ ಸರಿಯುವುದು ಒಳ್ಳೆಯದು. ಈ ಜಾತಿ ಅಳಿವಿನ ಅಂಚಿನಲ್ಲಿದೆ. ಕಾಡು ತುಂಡಾಗುವುದರ ಜೊತೆಗೆ ಉರುಳಿಗೆ ಸಿಕ್ಕಿ ಸಾಯುವುದೂ ಇದೆ: ದಾರಿಯ ಮೇಲೆ ಕಟ್ಟಿದ ತಂತಿ ಸೆಂಗಿಯ ನಕ್ಷೆಯಲ್ಲಿ ಇರುವುದಿಲ್ಲ.

ಕೆಂಗಂದು ಸೆಂಗಿಯನ್ನು ಒಣ ಕುರುಚಲಿನಲ್ಲಿ ನೋಡಬೇಕೆಂದರೆ ಮೊದಲು ಪ್ರಾಣಿಯನ್ನು ಹುಡುಕಬೇಡಿ, ದಾರಿಯನ್ನು ಹುಡುಕಿ. ಪೊದೆಯ ಬುಡದಲ್ಲಿ, ಯಾರೋ ಕಸಬರಿಗೆ ಎಳೆದಂತೆ ಕಾಣುವ ಕಿರಿದಾದ ಬರಿನೆಲದ ಪಟ್ಟಿ. ಅದರ ಮೇಲೆ ಒಂದೇ ಒಂದು ಒಣ ಎಲೆಯೂ ಇಲ್ಲದಿದ್ದರೆ ಒಡೆಯ ಹತ್ತಿರದಲ್ಲೇ ಇದ್ದಾನೆ. ಕೆಲವು ಮೀಟರ್ ದೂರ ಸರಿದು, ನೆರಳು ದಾರಿಯ ಮೇಲೆ ಬೀಳದಂತೆ ಕೂತು ಕಾಯಿರಿ.